ಬಚ್ಚಲಮನೆಯ ಸೋಪು ಯಾರ ಆಯ್ಕೆ?

ಮಂಡ್ಯ ಕಡೆಯ ಹಳ್ಳಿಯೊಂದರಿಂದ ಪಿಯುಸಿ ಓದಲು ಪೇಟೆಗೆ ಬಂದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಹಾಸ್ಟೆಲ್ ಸೇರಿದ ಮೊದಲ ವಾರದಲ್ಲೇ ಆಕೆಗೊಂದು ಹೊಸ ಅಭ್ಯಾಸ ಅಂಟಿಕೊಂಡಿದೆ. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ತನ್ನ ಸೋಪನ್ನು ಟವೆಲ್ಲಿನ ಮಡಿಕೆಯೊಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಉಳಿದವರ ಕೈಯಲ್ಲಿ ಬಣ್ಣಬಣ್ಣದ ಸೋಪಿನ ಡಬ್ಬಿಗಳು. ಇವಳದು ಅರ್ಧ ಸವೆದ ಅಗ್ಗದ ಸೋಪು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದು. ಮೊದಲ ದಿನವೇ ಪಕ್ಕದ ಮಂಚದವಳು ‘ಇದು ಬಟ್ಟೆ ಸೋಪಾ?’ ಎಂದು ಕೇಳಿದ್ದಳು. ಕೇಳಿದವಳಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೆ ಆ ಒಂದು ಪ್ರಶ್ನೆ ಸಾಕಾಯಿತು.

ರಜೆಗೆ ಊರಿಗೆ ಹೋದಾಗ ಅವಳು ತಾಯಿಯನ್ನು ಕೇಳುತ್ತಾಳೆ: ‘ಅವ್ವ, ಈ ಸಲ ಬೇರೆ ಸೋಪು ತಕ್ಕೊಡು.’

‘ಯಾಕ್ ಮಗ, ಇದ್ಕೇನಾಗದೆ? ಕೊಳೆ ಹೋಗಕಿಲ್ವಾ?’

ಮಗಳು ಉತ್ತರ ಕೊಡುವುದಿಲ್ಲ. ತಾಯಿ ಮತ್ತೆ ಕೇಳುವುದಿಲ್ಲ. ಸಂಜೆ ಅಂಗಡಿಯ ಸಾಲದ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಗಿ ಬರೆಸಿ, ಹೊಳೆಯುವ ಕಾಗದದ ಸೋಪೊಂದು ಮಗಳ ಚೀಲ ಸೇರುತ್ತದೆ. ಅದಕ್ಕಾಗಿ ಮನೆಯಲ್ಲಿ ಯಾವುದು ಕಡಿಮೆಯಾಯಿತು ಎಂಬುದು ಮಗಳಿಗೆ ತಿಳಿಯುವುದೇ ಇಲ್ಲ.

ಇಂಥ ಹುಡುಗಿಯರು, ಹುಡುಗರು ಎಲ್ಲ ಊರಿನಲ್ಲೂ ಇದ್ದಾರೆ. ಸೋಪಿನ ಬದಲು ಅದು ಬೂಟಾಗಿರಬಹುದು, ಪೆನ್ನಾಗಿರಬಹುದು, ಊಟದ ಡಬ್ಬಿಯಾಗಿರಬಹುದು, ಮೊಬೈಲ್ ಫೋನ್ ಆಗಿರಬಹುದು. ಆದರೆ ತಾಯಿ ಕೇಳಿದ ಪ್ರಶ್ನೆ ಮಾತ್ರ ವಿಜ್ಞಾನದ ಪ್ರಶ್ನೆ. ಕೊಳೆ ಹೋಗುತ್ತದೆ ಎಂದಾದರೆ ಬೇರೆ ಸೋಪು ಏಕೆ ಬೇಕು? ಅಂಗಡಿಯಲ್ಲಿ ನಿಂತು ಒಂದನ್ನು ಬಿಟ್ಟು ಇನ್ನೊಂದನ್ನು ಕೈ ತೋರಿಸುವಾಗ ಆ ಕೈಯನ್ನು ಎತ್ತಿಸುವವರು ಯಾರು?

‘ನನಗೆ ಇಷ್ಟ, ಅದಕ್ಕೇ ಕೊಂಡೆ’ ಎಂಬುದು ಎಲ್ಲರ ಉತ್ತರ. ಈ ಉತ್ತರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ‘ಇಷ್ಟ’ದ ಹಿಂದೆ ಮೂರು ಸಂಗತಿಗಳು ಕೆಲಸ ಮಾಡುತ್ತಿರುತ್ತವೆ. ಮೊದಲನೆಯದು ಮನೆಗೆ ಹಣ ಬರುವ ಬಗೆ. ಎರಡನೆಯದು ಮನೆಯಲ್ಲಿ ಕಲಿತ ರೂಢಿ. ಮೂರನೆಯದು ನೆರೆಯವರ ಕಣ್ಣು. ಒಂದೊಂದಾಗಿ ನೋಡೋಣ.

ಹಣದ ಲೆಕ್ಕ

1857ರಲ್ಲಿ ಅರ್ನ್‌ಸ್ಟ್ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ ಬೆಲ್ಜಿಯಂ ದೇಶದ ಕಾರ್ಮಿಕ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತ. ಅವನಿಗೆ ಕಂಡ ಸತ್ಯ ಇಷ್ಟೇ: ಕುಟುಂಬ ಬಡವಾದಷ್ಟೂ ಅದರ ಒಟ್ಟು ಖರ್ಚಿನಲ್ಲಿ ಊಟದ ಪಾಲು ಹೆಚ್ಚು. ವರಮಾನ ಏರಿದಂತೆಲ್ಲ ಊಟಕ್ಕೆ ಮಾಡುವ ಖರ್ಚೂ ಏರುತ್ತದೆ ನಿಜ, ಆದರೆ ಅದರ ಪಾಲು ಇಳಿಯುತ್ತದೆ. ಶ್ರೀಮಂತನಿಗೂ ಇರುವುದು ಒಂದೇ ಹೊಟ್ಟೆ ತಾನೇ? ಇದನ್ನು ಎಂಗೆಲ್‌ನ ನಿಯಮ ಎನ್ನುತ್ತಾರೆ.

ಈ ನಿಯಮಕ್ಕೆ ಸಾಕ್ಷಿ ಬೇಕಾದರೆ ಬೆಲ್ಜಿಯಂಗೆ ಹೋಗಬೇಕಿಲ್ಲ. ಭಾರತ ಸರ್ಕಾರ ಆಗಾಗ ಮನೆಮನೆಯ ಖರ್ಚಿನ ಸಮೀಕ್ಷೆ ನಡೆಸುತ್ತದೆ. 1999-2000ರಲ್ಲಿ ಹಳ್ಳಿಯ ಕುಟುಂಬಗಳು ತಮ್ಮ ಖರ್ಚಿನ ಸುಮಾರು ಶೇ 59ರಷ್ಟನ್ನು ಆಹಾರಕ್ಕೆ ಹಾಕುತ್ತಿದ್ದವು. 2022-23ರ ಹೊತ್ತಿಗೆ ಅದು ಸುಮಾರು ಶೇ 46ಕ್ಕೆ ಇಳಿದಿತ್ತು. ಪಟ್ಟಣಗಳಲ್ಲಿ ಶೇ 48 ಇದ್ದದ್ದು ಶೇ 39ಕ್ಕೆ ಬಂದಿತ್ತು. ಊಟದ ಪಾಲು ಇಳಿದಾಗ ಉಳಿದ ಹಣ ಎಲ್ಲಿಗೆ ಹೋಗಬೇಕು? ಬಸ್ಸು, ಬೈಕು, ಫೋನು, ಬಟ್ಟೆ, ಸೋಪು, ಷಾಂಪೂಗಳ ಕಡೆಗೆ. ಅಂಗಡಿಯವನು ಇವತ್ತು ಹಳ್ಳಿಯಲ್ಲೂ ಹತ್ತು ಬಗೆಯ ಸೋಪು ಜೋಡಿಸಿಡಲು ಕಾರಣ ಇದೇ.

ಆದರೆ ಇವೆಲ್ಲ ಸರಾಸರಿಗಳು. ಸರಾಸರಿಯ ಒಳಗೆ ಎಷ್ಟು ಅಂತರವಿದೆ ಎಂಬುದನ್ನೂ ಅದೇ ಸಮೀಕ್ಷೆ ತೋರಿಸಿತು. 2022-23ರಲ್ಲಿ ಹಳ್ಳಿಗಳಲ್ಲಿ ಅತ್ಯಂತ ಕಡಿಮೆ ಖರ್ಚು ಮಾಡುವ ಶೇ 5ರಷ್ಟು ಜನರ ತಲಾ ಖರ್ಚು ತಿಂಗಳಿಗೆ 1,373 ರೂಪಾಯಿ. ಪಟ್ಟಣಗಳಲ್ಲಿ ಅತ್ಯಂತ ಹೆಚ್ಚು ಖರ್ಚು ಮಾಡುವ ಶೇ 5ರಷ್ಟು ಜನರದ್ದು 20,824 ರೂಪಾಯಿ. ಅಂದರೆ 15 ಪಟ್ಟು ವ್ಯತ್ಯಾಸ. ಮೊದಲನೆಯವರ ಲೆಕ್ಕವನ್ನು ದಿನಕ್ಕೆ ಭಾಗಿಸಿ ನೋಡಿ: ಸುಮಾರು 46 ರೂಪಾಯಿ. ಊಟ, ಬಟ್ಟೆ, ಔಷಧಿ, ಬಸ್ಸಿನ ಚಾರ್ಜು ಎಲ್ಲವೂ ಅದರಲ್ಲೇ. 45 ರೂಪಾಯಿಯ ಸೋಪು ಅಂಥವರ ಪಾಲಿಗೆ ಒಂದು ಇಡೀ ದಿನದ ಬದುಕು. ಇನ್ನೊಬ್ಬರ ಪಾಲಿಗೆ ಅದು ಲೆಕ್ಕಕ್ಕೇ ಬಾರದ ಚಿಲ್ಲರೆ. ತೊಳೆಯಬೇಕಾದ ಮೈ ಮಾತ್ರ ಇಬ್ಬರಿಗೂ ಒಂದೇ ಅಳತೆಯದು.

ಎಷ್ಟು ಹಣ ಬರುತ್ತದೆ ಎಂಬುದರ ಜೊತೆಗೆ, ಹೇಗೆ ಬರುತ್ತದೆ ಎಂಬುದೂ ಮುಖ್ಯ. ತಿಂಗಳ ಸಂಬಳದ ಗುಮಾಸ್ತರ ಮನೆಯಲ್ಲಿ ಒಂದನೆಯ ತಾರೀಕಿಗೆ ದಿನಸಿ ಪಟ್ಟಿ ತಯಾರಾಗುತ್ತದೆ. ನಾಲ್ಕು ಸೋಪಿನ ಕಟ್ಟು, ಒಂದು ಬಾಟಲಿ ಷಾಂಪೂ, ಐದು ಲೀಟರ್ ಎಣ್ಣೆ ಒಟ್ಟಿಗೇ ಬರುತ್ತವೆ. ಗಾರೆ ಕೆಲಸದವನ ಮನೆಯಲ್ಲಿ ಹಣ ಬರುವುದು ಸಂಜೆ. ಮಳೆ ಬಂದರೆ ಅದೂ ಇಲ್ಲ. ಆ ಮನೆಯವರು ಕಾಲು ಲೀಟರ್ ಎಣ್ಣೆ, ನೂರು ಗ್ರಾಂ ಸಕ್ಕರೆ, ಒಂದು ಚೀಟಿ ಷಾಂಪೂ ಎಂದು ಕೊಳ್ಳುತ್ತಾರೆ. ‘ಒಟ್ಟಿಗೆ ಕೊಂಡರೆ ಅಗ್ಗ ಎಂಬ ತಿಳಿವಳಿಕೆ ಇವರಿಗಿಲ್ಲ’ ಎಂದು ಗುಮಾಸ್ತರು ಮೂಗು ಮುರಿಯಬಹುದು. ತಿಳಿವಳಿಕೆ ಇದೆ, ಒಟ್ಟಿಗೆ ಕೊಡಲು ಹಣವಿಲ್ಲ. ಸಾಲದ ಪುಸ್ತಕ ಇರುವ ಅಂಗಡಿಯನ್ನು ಬಿಟ್ಟು ಅಗ್ಗದ ಅಂಗಡಿಗೆ ಹೋಗುವ ಸ್ವಾತಂತ್ರ್ಯವೂ ಅವರಿಗಿಲ್ಲ. ಹೀಗಾಗಿ ಅಕ್ಕಿ, ಬೇಳೆ, ಎಣ್ಣೆಗಳಲ್ಲಿ ಬಡವನೇ ಅನೇಕ ಬಾರಿ ಹೆಚ್ಚು ದರ ತೆರುತ್ತಾನೆ.

ಈ ಕಷ್ಟವನ್ನು ಮೊದಲು ಚೆನ್ನಾಗಿ ಅರಿತವರಲ್ಲಿ ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಒಬ್ಬರು. ಪೌಡರ್, ಎಪ್ಸಮ್ ಉಪ್ಪು ಮುಂತಾದವನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಮಾರಿದರೆ ಕೂಲಿಯವರೂ ಕೊಳ್ಳಬಲ್ಲರು ಎಂಬುದು ಅವರ ವಿಚಾರವಾಗಿತ್ತು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ‘ಚಿಕ್’ ಷಾಂಪೂವನ್ನು ಚೀಟಿಯಲ್ಲಿ ತುಂಬಿ ಹಳ್ಳಿಹಳ್ಳಿಗೆ ಕೊಂಡೊಯ್ದರು. ಚೀಟಿಗಳು ಬರುವ ಮೊದಲು ಷಾಂಪೂ ಎಂದರೆ ಬಾಟಲಿ, ಬಾಟಲಿ ಎಂದರೆ ಉಳ್ಳವರ ಮನೆ. ಆಮೇಲೆ ಅಂಗಡಿಯ ಮುಂದೆ ತೋರಣದಂತೆ ಚೀಟಿಗಳು ತೂಗಾಡತೊಡಗಿದವು.

ಇಲ್ಲೊಂದು ಸ್ವಾರಸ್ಯವಿದೆ. ಚಿಕ್ಕ ಪೊಟ್ಟಣ ಯಾವಾಗಲೂ ದುಬಾರಿ ಎಂದು ಪಾಠ ಒಪ್ಪಿಸುವ ಮುನ್ನ ಲೆಕ್ಕ ಹಾಕಿ ನೋಡಬೇಕು. ಷಾಂಪೂವಿನ ವಿಷಯದಲ್ಲಿ ಅನೇಕ ಬಾರಿ ಒಂದು, ಎರಡು ರೂಪಾಯಿಯ ಚೀಟಿಗಳೇ ಮಿಲಿಲೀಟರ್ ಲೆಕ್ಕದಲ್ಲಿ ಬಾಟಲಿಗಿಂತ ಅಗ್ಗ! ‘ದೊಡ್ಡದು ಕೊಂಡರೆ ಉಳಿತಾಯ’ ಎಂಬ ನಂಬಿಕೆಯಿಂದ ಬಾಟಲಿ ಕೊಳ್ಳುವ ಗುಮಾಸ್ತರು ಇಲ್ಲಿ ಹೆಚ್ಚು ಕೊಡುತ್ತಿರುತ್ತಾರೆ. ಅದರ ಮೇಲೆ ಬಾಟಲಿ ಬಗ್ಗಿಸಿದಾಗ ಅಂಗೈ ತುಂಬ ಸುರಿಯುತ್ತದೆ, ಚೀಟಿಯಾದರೆ ಅಳತೆಯಲ್ಲೇ ಮುಗಿಯುತ್ತದೆ. ಖಾಲಿ ಚೀಟಿಗಳು ಚರಂಡಿ, ಕೆರೆ ಸೇರಿ ಕೊಳೆಯದೆ ಉಳಿಯುವ ಕೆಡುಕು ಬೇರೆಯೇ ಇದೆ. ಆದರೆ ಜೇಬಿನ ಲೆಕ್ಕದಲ್ಲಿ ಜಾಣರು ಯಾರು ಎಂಬುದನ್ನು ಮನೆಯ ಅಂತಸ್ತು ನೋಡಿ ಹೇಳಲಾಗದು.

ಮನೆಯ ಪಾಠ

ಒಂದೇ ಸಂಬಳದ ಎರಡು ಮನೆಗಳ ಬಚ್ಚಲಿಗೆ ಹೋಗಿ ನೋಡಿದರೂ ಒಂದೇ ಸೋಪು ಇರುವುದಿಲ್ಲ. ಏಕೆಂದರೆ ಕೊಳ್ಳುವುದನ್ನು ನಾವು ಮೊದಲು ಕಲಿಯುವುದು ಮನೆಯಲ್ಲಿ. ಹಂಡೆ ಒಲೆಯ ಮುಂದೆ ಎಣ್ಣೆ ಹಚ್ಚಿ ಕೂರಿಸಿ ಸೀಗೆಪುಡಿಯಲ್ಲಿ ತಲೆ ತಿಕ್ಕಿದ ಅಜ್ಜಿಯ ಮನೆಯಲ್ಲಿ ಬೆಳೆದವರಿಗೆ ನೊರೆ ಬಂದರೇ ಕೊಳೆ ಹೋಗುವುದು ಎಂಬ ನಂಬಿಕೆ ಇರುವುದಿಲ್ಲ. ಕಡಲೆಹಿಟ್ಟು, ಅಂಟುವಾಳಗಳ ವಾಸನೆಯೇ ಅವರಿಗೆ ಶುಚಿಯ ವಾಸನೆ. ಜಾಹೀರಾತು ನೋಡುತ್ತ ಬೆಳೆದ ಮಗುವಿಗೆ ನೊರೆ ಕಡಿಮೆಯಾದರೆ ಸ್ನಾನವೇ ಆದಂತಿಲ್ಲ.

ನಂಬಿಕೆ, ಆಚಾರಗಳೂ ಸೋಪಿನ ಡಬ್ಬಿಯೊಳಕ್ಕೆ ಇಣುಕುತ್ತವೆ. ಹಿಂದೆ ಸೋಪುಗಳಲ್ಲಿ ಪ್ರಾಣಿಗಳ ಕೊಬ್ಬು ಸಾಮಾನ್ಯವಾಗಿತ್ತು. ಮಡಿ ಮೈಲಿಗೆ ನೋಡುವ ಮನೆಗಳಲ್ಲಿ ಹಿರಿಯರು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 1918-20ರ ಸುಮಾರಿಗೆ ಗೋದ್ರೆಜ್ ಸಂಸ್ಥೆ ಸಸ್ಯದ ಎಣ್ಣೆಯಿಂದ ಮಾಡಿದ ಸೋಪನ್ನು ಮಾರುಕಟ್ಟೆಗೆ ತಂದಾಗ ಅಂಥ ಮನೆಗಳ ಬಾಗಿಲೂ ಸೋಪಿಗೆ ತೆರೆಯಿತು. ರಸಾಯನ ವಿಜ್ಞಾನದ ದೃಷ್ಟಿಯಲ್ಲಿ ಎರಡೂ ಸೋಪೇ. ಮನೆಯ ದೃಷ್ಟಿಯಲ್ಲಿ ಅವೆರಡರ ನಡುವೆ ಹೊಸ್ತಿಲಿನಷ್ಟು ಅಂತರ.

ನೀರನ್ನೂ ಮರೆಯುವಂತಿಲ್ಲ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಅವು ಸೋಪಿನೊಡನೆ ಸೇರಿ ಕರಗದ ಗಷ್ಟಾಗಿ ಬಕೆಟ್ಟಿನ ಅಂಚಿಗೆ ಹತ್ತುತ್ತವೆ. ಎಷ್ಟು ತಿಕ್ಕಿದರೂ ನೊರೆ ಇಲ್ಲ, ಸೋಪು ಮಾತ್ರ ಕರಗುತ್ತದೆ. ಹೀಗೆ ಹೊಳೆ ನೀರಿನ ಊರಿನಲ್ಲಿ ತಿಂಗಳು ಬರುವ ಸೋಪು ಗಡಸು ನೀರಿನ ಊರಿನಲ್ಲಿ ಅಷ್ಟು ದಿನ ಬಾರದು. ಮಳೆನೀರಿಗೆ ಅಜ್ಜಿಯರು ಕೊಡುತ್ತಿದ್ದ ಬೆಲೆ ಬರಿಯ ಭಕ್ತಿಯಲ್ಲ.

ಮನೆಯೊಳಗೆ ಹಣ ಯಾರ ಕೈಯಲ್ಲಿದೆ ಎಂಬುದರ ಮೇಲೂ ಚೀಲದೊಳಗಿನ ಸಾಮಾನು ಬದಲಾಗುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಲ್ಲಿ ಮಕ್ಕಳ ಪಾಲನೆಗೆಂದು ಸರ್ಕಾರ ಕೊಡುವ ನೆರವು ತಂದೆಯ ಸಂಬಳದ ಮೂಲಕ ಬರುವ ಬದಲು ನೇರವಾಗಿ ತಾಯಿಯ ಕೈಗೆ ಬರುವಂತಾಯಿತು. ಮನೆಗೆ ಬರುವ ಒಟ್ಟು ಹಣದಲ್ಲಿ ದೊಡ್ಡ ಬದಲಾವಣೆ ಇಲ್ಲ. ಆದರೂ ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಬಟ್ಟೆಯ ಮೇಲಿನ ಖರ್ಚು ಹೆಚ್ಚಾಯಿತೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಹಾಕುವ ನಿಯಮ ಮಾಡಿದ್ದರ ಹಿಂದೆಯೂ ಹಣ ಹಿಡಿಯುವ ಕೈ ಮುಖ್ಯ ಎಂಬ ವಿಚಾರವಿದೆ. ‘ನಮ್ಮ ಮನೆ ಕೊಂಡಿತು’ ಎನ್ನುತ್ತೇವೆ. ಮನೆ ಕೊಳ್ಳುವುದಿಲ್ಲ, ಮನೆಯೊಳಗಿನ ಯಾರೋ ಒಬ್ಬರು ಕೊಳ್ಳುತ್ತಾರೆ. ಆ ಒಬ್ಬರ ಅಗತ್ಯ ಮೊದಲು ಈಡೇರುತ್ತದೆ. ಅನೇಕ ಮನೆಗಳಲ್ಲಿ ತಾಯಿಯದು ಕೊನೆಗೆ.

ನೆರೆಯ ಕಣ್ಣು

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಿದ: ಜನ ವಸ್ತುಗಳನ್ನು ಬಳಸಲು ಮಾತ್ರ ಕೊಳ್ಳುವುದಿಲ್ಲ, ತೋರಿಸಲೂ ಕೊಳ್ಳುತ್ತಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೊ 1979ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ‘ಅಭಿರುಚಿ’ ಎಂದು ನಾವು ಹೆಮ್ಮೆಪಡುವುದು ಹುಟ್ಟಿನಿಂದ ಬಂದ ಗುಣವಲ್ಲ, ಬೆಳೆದ ವರ್ಗದಿಂದ ಬಂದದ್ದು, ಮತ್ತು ಆ ಅಭಿರುಚಿಯಿಂದಲೇ ಒಂದು ವರ್ಗದವರು ಇನ್ನೊಂದು ವರ್ಗದವರನ್ನು ದೂರ ಇಡುತ್ತಾರೆ ಎಂದು ಅವನು ತೋರಿಸಿದ. ‘ಇದು ಬಟ್ಟೆ ಸೋಪಾ?’ ಎಂಬ ಪ್ರಶ್ನೆಯ ಕೆಲಸವೂ ಅದೇ.

ಸೋಪಿನ ಕಂಪನಿಗಳು ಇದನ್ನು ಪಂಡಿತರಿಗಿಂತ ಚೆನ್ನಾಗಿ ಬಲ್ಲವು. ಭಾರತದಲ್ಲಿ ಲೈಫ್‌ಬಾಯ್ 1895ರಷ್ಟು ಹಳೆಯದು. ಕಾರ್ಬಾಲಿಕ್ ವಾಸನೆಯ ಆ ಕೆಂಪು ಇಟ್ಟಿಗೆಯನ್ನು ದುಡಿಯುವವರ, ಆಟಗಾರರ ಆರೋಗ್ಯದ ಸೋಪೆಂದು ಮಾರಿದರು. ಲಕ್ಸ್ ಅನ್ನು ಚಿತ್ರತಾರೆಯರ ಸೌಂದರ್ಯದ ಸೋಪೆಂದು ಮಾರಿದರು. 1941ರಲ್ಲಿ ಲಕ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್, ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಎರಡು ಸೋಪುಗಳೂ ಒಂದೇ ಮೂಲದ ಕಂಪನಿಯವು ಎಂಬುದನ್ನು ಗಮನಿಸಬೇಕು. ಒಂದು ವರ್ಗಕ್ಕೆ ಒಂದು, ಇನ್ನೊಂದು ವರ್ಗಕ್ಕೆ ಇನ್ನೊಂದು. 2002ರಲ್ಲಿ ಲೈಫ್‌ಬಾಯ್‌ನಿಂದ ಆ ಹಳೆಯ ಕಾರ್ಬಾಲಿಕ್ ವಾಸನೆಯನ್ನೇ ತೆಗೆದುಹಾಕಿ ಸುವಾಸನೆಯ ಸ್ನಾನದ ಸೋಪಾಗಿಸಿದರು. ಕೆಳಗಿನ ಮೆಟ್ಟಿಲಿನವರೂ ಮೇಲಿನ ಮೆಟ್ಟಿಲಿನ ವಾಸನೆಯನ್ನು ಬಯಸತೊಡಗಿದ್ದನ್ನು ಕಂಪನಿ ಕಂಡುಕೊಂಡಿತ್ತು.

ಹಳೆಯ ಮೈಸೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಸ್ಥಾನ ಬೇರೆಯೇ. ಅದರ ಹುಟ್ಟು ಮೊದಲ ಮಹಾಯುದ್ಧದ ಕಾಲದ್ದು. ಯುದ್ಧದಿಂದ ಯುರೋಪಿಗೆ ಗಂಧದ ಮರದ ರಫ್ತು ನಿಂತು ಸಂಸ್ಥಾನದಲ್ಲಿ ಮರ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಇಲ್ಲೇ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಸಾಬೂನಿನ ವಿದ್ಯೆ ಕಲಿಯಲು ವಿದೇಶಕ್ಕೆ ಹೋಗಿ ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ ಅದೇ ಎಣ್ಣೆಯ ಸೋಪು ತಯಾರಾಯಿತು. ಆನೆಯ ತಲೆ, ಸಿಂಹದ ಮೈಯ ಶರಭ ಅದರ ಗುರುತು. ಎಷ್ಟೋ ಮನೆಗಳಲ್ಲಿ ದಿನನಿತ್ಯಕ್ಕೆ ಒಂದು ಅಗ್ಗದ ಸೋಪು, ಬೀಗರು ಬಂದ ದಿನ ಪೆಟ್ಟಿಗೆಯಿಂದ ಈ ಗಂಧದ ಸೋಪು. ಬೀಗರು ಹೊರಟ ಮೇಲೆ ಅದನ್ನು ಒರೆಸಿ ಮತ್ತೆ ಎತ್ತಿಡುವುದೂ ಉಂಟು! ಅದೇ ಕಾರ್ಖಾನೆಯವರು 2012ರಲ್ಲಿ 700 ರೂಪಾಯಿಗೂ ಮಿಕ್ಕಿದ ಬೆಲೆಯ ‘ಮಿಲೆನಿಯಂ’ ಎಂಬ ಸೋಪನ್ನೂ ತಂದರು. ಒಂದೇ ಮನೆತನದ ಸೋಪುಗಳಲ್ಲೂ ಮೆಟ್ಟಿಲುಗಳಿವೆ ಎಂದಾಯಿತು.

ಮೆಟ್ಟಿಲನ್ನೇ ಬುಡಮೇಲು ಮಾಡಿದ ಕಥೆಯೂ ಒಂದಿದೆ. 1969ರಲ್ಲಿ ಗುಜರಾತ್ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ರಸಾಯನ ತಜ್ಞರಾಗಿದ್ದ ಕರ್ಸನ್‌ಭಾಯ್ ಪಟೇಲ್, ಅಹಮದಾಬಾದಿನ ತಮ್ಮ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಪುಡಿ ಬೆರೆಸಿ, ಸೈಕಲ್ ಮೇಲೆ ಮನೆಮನೆಗೆ ಮಾರತೊಡಗಿದರು. ಹೆಸರು ‘ನಿರ್ಮಾ’. ಪೇಟೆಯಲ್ಲಿ ಹೆಸರಾಗಿದ್ದ ಸರ್ಫ್ ಪುಡಿಯ ಬೆಲೆಯ ಮೂರನೇ ಒಂದು ಭಾಗಕ್ಕೂ ಇದು ಕಡಿಮೆ. ಇದರಲ್ಲಿ ವಾಷಿಂಗ್ ಸೋಡ ಹೆಚ್ಚು, ಪರಿಮಳ ಇಲ್ಲ, ಕೈಗೆ ಸ್ವಲ್ಪ ಒರಟು. ಆದರೆ ಗಡಸು ನೀರಿನಲ್ಲೂ ಕೊಳೆ ಬಿಡಿಸುತ್ತಿತ್ತು. ಬಾರ್ ಸೋಪು ಉಜ್ಜಿ ಉಜ್ಜಿ ಕೈ ಸೋತಿದ್ದ ಲಕ್ಷಾಂತರ ಹೆಂಗಸರಿಗೆ ಅದು ಮೊದಲ ಪುಡಿಯಾಯಿತು. ಆಗ ಸರ್ಫ್ ಕಂಪನಿ ಟಿ.ವಿ. ಜಾಹೀರಾತಿಗೆ ಲಲಿತಾಜಿ ಎಂಬ ಗೃಹಿಣಿಯನ್ನು ತಂದಿತು. ಚೌಕಾಸಿ ಬಲ್ಲ, ಬೆಲೆ ಹೆಚ್ಚಾದರೂ ಸರ್ಫ್ ಕೊಳ್ಳುವುದರಲ್ಲೇ ಜಾಣತನ ಕಾಣುವ ಹೆಂಗಸು ಅವಳು. ಅಂದರೆ ‘ಅಗ್ಗದ್ದು ಕೊಳ್ಳುವವಳು ಜಾಣೆಯಲ್ಲ’ ಎಂಬ ಅಂಜಿಕೆಯನ್ನು ಮಧ್ಯಮ ವರ್ಗದ ಮನೆಯೊಳಗೆ ಬಿತ್ತಲಾಯಿತು. ಆದರೂ ನಿರ್ಮಾ ನಿಲ್ಲಲಿಲ್ಲ. ಕೊನೆಗೆ ಆ ದೊಡ್ಡ ಕಂಪನಿಯೇ 1980ರ ದಶಕದ ಕೊನೆಯ ಭಾಗದಲ್ಲಿ ‘ವೀಲ್’ ಎಂಬ ಅಗ್ಗದ ಪುಡಿಯನ್ನು ಮಾರುಕಟ್ಟೆಗೆ ಬಿಡಬೇಕಾಯಿತು.

ಸೋಪಿಗೆ ಅಂತಸ್ತು ತಿಳಿಯದು

ಈಗ ಹಾಸ್ಟೆಲಿನ ಹುಡುಗಿಯ ತಾಯಿಯ ಪ್ರಶ್ನೆಗೆ ಬರೋಣ. ಕೊಳೆ ಹೋಗಕಿಲ್ವಾ?

ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡದೊಡನೆ ಕಾಯಿಸಿದರೆ ಸೋಪು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಸೋಪಿನ ಅಣುವಿಗೆ ತಲೆ, ಬಾಲ ಎಂದು ಎರಡು ಭಾಗ. ತಲೆ ನೀರನ್ನು ಹಿಡಿಯುತ್ತದೆ, ಬಾಲ ಜಿಡ್ಡನ್ನು ಹಿಡಿಯುತ್ತದೆ. ಸುತ್ತಲೂ ನೂರಾರು ಅಣುಗಳು ಹೀಗೆ ಜಿಡ್ಡನ್ನು ಕಚ್ಚಿಕೊಂಡಾಗ ನೀರಿನೊಡನೆ ಕೊಳೆ ಜಾರಿ ಹೋಗುತ್ತದೆ. ಹತ್ತು ರೂಪಾಯಿಯ ಸೋಪಿನಲ್ಲೂ ಅಣು ಮಾಡುವ ಕೆಲಸ ಇದೇ, ನೂರು ರೂಪಾಯಿಯದರಲ್ಲೂ ಇದೇ. 2020ರಲ್ಲಿ ಕೊರೊನಾ ಬಂದಾಗ ವೈದ್ಯರು ‘ಇಂಥ ಕಂಪನಿಯ ಸೋಪು’ ಎನ್ನಲಿಲ್ಲ. ‘ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಿರಿ’ ಎಂದರು. ಆ ವೈರಸ್ಸಿನ ಹೊರಕವಚ ಜಿಡ್ಡಿನದು, ಅದನ್ನು ಒಡೆಯಲು ಯಾವ ಸೋಪಾದರೂ ಸಾಕಿತ್ತು.

ಹಾಗಾದರೆ ಎಲ್ಲ ಸೋಪೂ ಒಂದೇ ಎಂದೇ? ಅಲ್ಲ. ಹೊದಿಕೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಟಿ.ಎಫ್.ಎಂ. ಎಂದು ಅಚ್ಚಾಗಿರುತ್ತದೆ. ಸೋಪಿನಲ್ಲಿ ಒಟ್ಟು ಕೊಬ್ಬಿನಂಶ ಎಷ್ಟು ಎಂಬುದು ಅದರ ಅರ್ಥ. ಭಾರತೀಯ ಮಾನಕದ ಪ್ರಕಾರ ಕನಿಷ್ಠ ಶೇ 76 ಇದ್ದರೆ ಮೊದಲನೇ ದರ್ಜೆ, ಶೇ 70 ಇದ್ದರೆ ಎರಡನೇ ದರ್ಜೆ, ಶೇ 60 ಇದ್ದರೆ ಮೂರನೇ ದರ್ಜೆಯ ಸ್ನಾನದ ಸೋಪು. ‘ಬೇದಿಂಗ್ ಬಾರ್’ ಎಂದು ಬರೆದಿದ್ದರೆ ಅದು ಈ ಲೆಕ್ಕದ ಸೋಪಲ್ಲ, ಅದಕ್ಕೆ ಶೇ 40 ಇದ್ದರೂ ಸಾಕು. ಕೊಬ್ಬಿನಂಶ ಕಡಿಮೆಯಾದಷ್ಟೂ ಬೇಗ ಕರಗುವುದು, ಚರ್ಮ ಒಣಗುವುದು ಸಾಮಾನ್ಯ. ಸ್ವಾರಸ್ಯವೆಂದರೆ, ಅಂಗಡಿಯಲ್ಲಿ ನಾಲ್ಕು ಹೊದಿಕೆ ತಿರುಗಿಸಿ ಓದಿದರೆ ಚಿತ್ರತಾರೆಯ ಮುಖವಿರುವ ದುಬಾರಿ ಬಾರ್‌ಗಿಂತ ಮೂಲೆಯಲ್ಲಿ ಕುಳಿತ ಸಾದಾ ಸೋಪಿಗೆ ಮೇಲಿನ ದರ್ಜೆ ಇರುವುದೂ ಉಂಟು. ಈಗ ಬಹುತೇಕ ಪೊಟ್ಟಣಗಳ ಮೇಲೆ ಯು.ಎಸ್.ಪಿ. ಎಂಬ ಅಕ್ಷರಗಳ ಮುಂದೆ ಒಂದು ಗ್ರಾಮಿನ ಬೆಲೆಯನ್ನೂ ಅಚ್ಚು ಹಾಕುತ್ತಾರೆ. ಹತ್ತು ರೂಪಾಯಿ ಎಂಬ ಬೆಲೆಯನ್ನು ಹಾಗೇ ಉಳಿಸಿ ಸೋಪಿನ ತೂಕವನ್ನು ಇಳಿಸುವ ಜಾಣತನ ಆ ಅಂಕಿಯಲ್ಲಿ ಸಿಕ್ಕಿಬೀಳುತ್ತದೆ.

ತಂದೆ ತಾಯಂದಿರಿಗೆ

ಮಕ್ಕಳು ಬೇರೆಯವರಲ್ಲಿರುವುದನ್ನು ಬೇಕೆಂದಾಗ ಎರಡು ಉತ್ತರಗಳು ರೂಢಿಯಲ್ಲಿವೆ. ಒಂದು, ಗದರಿಸುವುದು. ಇನ್ನೊಂದು, ಸಾಲ ಮಾಡಿಯಾದರೂ ಕೊಡಿಸಿ ಸುಮ್ಮನಾಗುವುದು. ಎರಡರಲ್ಲೂ ಮಗುವಿಗೆ ಮನೆಯ ಲೆಕ್ಕ ತಿಳಿಯುವುದಿಲ್ಲ. ಗದರಿಸಿದರೆ ‘ನಾವು ಕೀಳು’ ಎಂದು ತಿಳಿಯುತ್ತದೆ. ಮುಚ್ಚಿಟ್ಟು ಕೊಡಿಸಿದರೆ ‘ಹಣವಿದೆ’ ಎಂದು ತಿಳಿಯುತ್ತದೆ.

ಎಂಟನೆಯ ತರಗತಿಗೆ ಬಂದ ಮಗುವಿಗೆ ಶೇಕಡಾ ಲೆಕ್ಕ ಬರುತ್ತದೆ. ತಿಂಗಳಿಗೊಮ್ಮೆ ಅದನ್ನು ಪಕ್ಕಕ್ಕೆ ಕೂರಿಸಿಕೊಂಡು ಮನೆಯ ಖರ್ಚನ್ನು ಬರೆಸಿ. ಊಟಕ್ಕೆಷ್ಟು, ಬಾಡಿಗೆಗೆಷ್ಟು, ಔಷಧಿಗೆಷ್ಟು, ನಿನ್ನ ಓದಿಗೆಷ್ಟು, ಉಳಿದದ್ದೆಷ್ಟು ಎಂದು ಅದೇ ಕೂಡಲಿ. ಎಂಗೆಲ್ ಮಾಡಿದ್ದೂ ಇದನ್ನೇ. ಹಾಗೆ ಕೂಡಿ ಕಳೆದ ಮೇಲೆ ಯಾವ ಮಗುವೂ ಎಲ್ಲ ಆಸೆಯನ್ನು ಬಿಟ್ಟುಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ವರ್ಷಕ್ಕೊಮ್ಮೆ ಇಷ್ಟದ್ದನ್ನು ಕೊಂಡರೆ ತಪ್ಪೇನೂ ಇಲ್ಲ. ಆದರೆ ಅದರ ಬೆಲೆ ಯಾರ ಪಾಲಿನಿಂದ ಹೋಯಿತು ಎಂಬುದು ಅದಕ್ಕೆ ಗೊತ್ತಿರಬೇಕು.

ಉಳ್ಳವರ ಮನೆಯ ಮಕ್ಕಳಿಗೂ ಒಂದು ಪಾಠವಿದೆ. ಪಕ್ಕದವರ ಸೋಪು, ಬೂಟು, ಬುತ್ತಿ ಕಂಡು ಪ್ರಶ್ನೆ ಕೇಳುವ ಮುನ್ನ, ತನ್ನ ಡಬ್ಬಿಯಲ್ಲಿರುವುದು ತನ್ನ ಸಾಧನೆಯಲ್ಲ, ತಾನು ಹುಟ್ಟಿದ ಮನೆಯ ಸಂಬಳದ ಗುರುತು ಎಂಬುದು ನೆನಪಿರಲಿ.

ಆ ಹುಡುಗಿ ಹೊಸ ಸೋಪಿನ ಹೊದಿಕೆ ಬಿಚ್ಚುವ ಮುನ್ನ ಒಮ್ಮೆ ಅದನ್ನು ತಿರುಗಿಸಿ ನೋಡಲಿ. ಪಕ್ಕದಲ್ಲಿ ಹಳೆಯದರ ಹೊದಿಕೆಯನ್ನೂ ಇಟ್ಟುಕೊಳ್ಳಲಿ. ಎರಡರ ದರ್ಜೆ, ತೂಕ, ಗ್ರಾಮಿನ ಬೆಲೆಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯಲಿ. ಲೆಕ್ಕದಲ್ಲಿ ಹೊಸದೇ ಗೆದ್ದರೆ ಅದನ್ನೇ ಬಳಸಲಿ. ಹಳೆಯದು ಗೆದ್ದರೆ ಮುಂದಿನ ರಜೆಗೆ ಊರಿಗೆ ಹೋದಾಗ ಆ ಹಾಳೆಯನ್ನು ತಾಯಿಗೆ ಓದಿ ಹೇಳಲಿ. ‘ಕೊಳೆ ಹೋಗ್ತದೆ ಕಣವ್ವ’ ಎಂಬ ಉತ್ತರ ಇನ್ನೂ ಬಾಕಿ ಇದೆ. ಮತ್ತೆ ಹಾಸ್ಟೆಲಿಗೆ ಬಂದಾಗ ಟವೆಲ್ಲು ಹೆಗಲ ಮೇಲಿರಲಿ, ಸೋಪು ಕೈಯಲ್ಲಿರಲಿ.

ಮಾಡಿ ನೋಡಿ

ಒಂದೇ ಅಳತೆಯ ಮೂರು ಸಣ್ಣ ಬಾಟಲಿ ತೆಗೆದುಕೊಳ್ಳಿ. ಎರಡರಲ್ಲಿ ಅರ್ಧದಷ್ಟು ಮಳೆನೀರು ಇಲ್ಲವೇ ಬಟ್ಟಿ ಇಳಿಸಿದ ನೀರು ತುಂಬಿ. ಮೂರನೆಯದರಲ್ಲಿ ಅಷ್ಟೇ ಕೊಳವೆ ಬಾವಿ ನೀರು ತುಂಬಿ. ಮಳೆನೀರಿನ ಎರಡನೆಯ ಬಾಟಲಿಗೆ ಅರ್ಧ ಚಮಚ ಎಪ್ಸಮ್ ಉಪ್ಪು ಹಾಕಿ ಕರಗಿಸಿ. ಮೂರಕ್ಕೂ ಕರಗಿಸಿದ ಸೋಪಿನ ನೀರನ್ನು ಹತ್ತು ಹತ್ತು ಹನಿ ಹಾಕಿ, ಮುಚ್ಚಳ ಬಿಗಿದು ಇಪ್ಪತ್ತು ಬಾರಿ ಕುಲುಕಿ. ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಬಾಟಲಿ ತೊಳೆದು, ಸೋಪಿನ ಬದಲು ಬಟ್ಟೆ ಒಗೆಯುವ ಪುಡಿಯ ನೀರಿನಿಂದ ಇದನ್ನೇ ಮತ್ತೆ ಮಾಡಿ. ನಿಮ್ಮ ಊರಿನ ಅಜ್ಜಿಯರು ಒಗೆಯುವ ಪುಡಿಗೆ ಏಕೆ ಬದಲಾದರು ಎಂಬುದಕ್ಕೆ ಉತ್ತರ ಬಾಟಲಿಯೊಳಗೇ ಸಿಗುತ್ತದೆ.